ಮೊಳೆಗೆ ನೇತುಹಾಕಿದ ಮೂಲೆಮಟ್ಟ

ನಮ್ಮ ಫ್ರೀಮೇಸನ್ ಸಂಘದ ಮೂವತ್ತೆರಡು ಜನ ಮೇಸನ್ನರಲ್ಲಿ ಉಳಿ ಹಿಡಿದು ಗೊತ್ತಿರುವವನು ನಾನೊಬ್ಬನೇ. ಮಿಕ್ಕವರಲ್ಲಿ ಹಲ್ಲಿನ ಡಾಕ್ಟರಿದ್ದಾರೆ, ಇಬ್ಬರು ವಕೀಲರಿದ್ದಾರೆ, ಗಡಿಯಾರ ರಿಪೇರಿಯವನಿದ್ದಾನೆ, ಔಷಧಿ ಅಂಗಡಿಯವನಿದ್ದಾನೆ, ರಿಟೈರಾದ ಹೆಡ್‌ಮೇಷ್ಟರಿದ್ದಾರೆ. ಶನಿವಾರ ಸಂಜೆ ಇವರೆಲ್ಲ ಕರಿ ಕೋಟು ತೊಟ್ಟು, ಸೊಂಟಕ್ಕೆ ಬಿಳಿ ಏಪ್ರನ್ ಕಟ್ಟಿಕೊಂಡು, ಸುತ್ತಿಗೆ, ಉಳಿ, ತೂಕದ ಗುಂಡು ಎಂದು ಕಲ್ಲುಕುಟಿಗರ ಆಯುಧಗಳಿಂದ ಬಾಳಿನ ನೀತಿಯನ್ನು ಗಂಭೀರವಾಗಿ ಮಾತಾಡುತ್ತಾರೆ. ಆ ಏಪ್ರನ್ನುಗಳ ಮೇಲೆ ಒಂದು ಚಿಟಿಕೆ ಧೂಳಿಲ್ಲ. ನನ್ನ ಕೆಲಸದ ಏಪ್ರನ್ ಚರ್ಮದ್ದು, ಬಿಚ್ಚಿ ನೆಲದ ಮೇಲೆ ನಿಲ್ಲಿಸಿದರೆ ತಾನಾಗಿ ನಿಲ್ಲುತ್ತದೆ.

ನಾನು ಅಲ್ಲಿಗೆ ಸೇರಿದ್ದು ಒಂದು ಹೊಸ್ತಿಲಿನ ದೆಸೆಯಿಂದ. ಸಂಘದ ಕಟ್ಟಡದ ಹೊಸ್ತಿಲುಗಲ್ಲು ಸವೆದಿತ್ತು, ಹೊಸದು ಕೂರಿಸಲು ಹೋಗಿದ್ದೆ. ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಇಡೀ ಬೆಳಿಗ್ಗೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದರು. "ನೀವು ಮಾಡೋದನ್ನೇ ನಾವೂ ಮಾಡೋದು. ನೀವು ಕಲ್ಲಿನ ಮೇಲೆ ಮಾಡ್ತೀರಿ, ನಾವು ನಮ್ಮ ಮೇಲೇ ಮಾಡ್ಕೋತೀವಿ," ಅಂದರು. "ಹಾಗಾದ್ರೆ ನಿಮಗೆ ಧೂಳಿನ ಕೆಮ್ಮಿಲ್ಲ, ಪುಣ್ಯವಂತರು," ಅಂದೆ. ಈ ಮಾತು ಅವರಿಗೆ ಬಹಳ ಹಿಡಿಸಿತು. ಮೂರು ತಿಂಗಳಲ್ಲಿ ಸದಸ್ಯನಾಗುವ ಅರ್ಜಿ ತಂದು ಕೈಗಿಟ್ಟರು.

ಸುಳ್ಳು ಯಾಕೆ ಹೇಳಲಿ, ಹಿಗ್ಗಿಹೋದೆ. ಜೀವಮಾನವೆಲ್ಲ ವಕೀಲರ ಮನೆಯ ಹಿತ್ತಲ ಬಾಗಿಲಲ್ಲಿ ಕಲ್ಲು ಇಳಿಸಿದವನು ನಾನು. ಅದೇ ವಕೀಲರು ನನ್ನನ್ನು 'ಸಹೋದರ' ಎಂದು ಕೈಕುಲುಕುತ್ತಾರೆಂದರೆ ಯಾರಿಗೆ ಬೇಡ? ಹೆಂಡತಿಗೆ ಮಾತ್ರ ಸಮಾಧಾನವಿರಲಿಲ್ಲ. ಸಂಘವನ್ನು ಅವರೆಲ್ಲ ಲಾಡ್ಜ್ ಎನ್ನುವುದು ವಾಡಿಕೆ. "ಲಾಡ್ಜ್‌ಗೆ ಹೋಗ್ತೀನಿ ಅಂತ ಬೀದೀಲೆಲ್ಲ ಹೇಳ್ಕೊಂಡು ತಿರುಗ್ಬೇಡಿ, ಕೇಳ್ದೋರು ಏನು ತಿಳ್ಕೋತಾರೆ?" ಅಂದಳು. ಆಮೇಲೆ, ಪಾತ್ರೆ ಒರೆಸುತ್ತ, ನನ್ನ ಮುಖ ನೋಡದೆ ಇನ್ನೊಂದು ಮಾತು ಸೇರಿಸಿದಳು. "ಹೊರಗಿನ ಮೂವತ್ತೊಂದು ಜನಾನ ಸಹೋದರ ಅನ್ನೋಕೆ ಹೊರಟಿದ್ದೀರಿ. ಒಡಹುಟ್ಟಿದೋನು ಎರಡು ಬೀದಿ ಆಚೆಗಿದ್ದಾನೆ."

ನಾನು ಕೇಳಿಸದವನಂತೆ ಎದ್ದು ಹೋದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸಂಘದಲ್ಲಿ ಮೂರು ಡಿಗ್ರಿ. ಏಳನೇ ಕ್ಲಾಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೆ ಐವತ್ತೇಳನೇ ವಯಸ್ಸಿನಲ್ಲಿ ಡಿಗ್ರಿ ಸಿಗುತ್ತದೆಂದು ನಾನೇ ನಗಾಡಿಕೊಂಡೆ. ಹೆಡ್‌ಮೇಷ್ಟರು ಅದನ್ನು ಮೆಟ್ಟಿಲು ಎನ್ನುತ್ತಾರೆ. ಮೊದಲನೆಯದರಲ್ಲಿ ಶಿಷ್ಯ, ಎರಡನೆಯದರಲ್ಲಿ ಕುಶಲಕರ್ಮಿ, ಮೂರನೆಯದರಲ್ಲಿ ಗುರು. ಒಂದೊಂದು ಮೆಟ್ಟಿಲಿಗೂ ಕೆಲವು ಆಯುಧ, ಒಂದೊಂದು ಆಯುಧಕ್ಕೂ ಒಂದು ನೀತಿ.

ಮೊದಲ ಮೆಟ್ಟಿಲಿನ ದಿನ ಜೇಬಿನಲ್ಲಿದ್ದ ಕೀಲಿಕೈ, ಸೊಂಟದ ಬೆಲ್ಟು, ಕೈಗಡಿಯಾರ, ಲೋಹದ್ದು ಏನಿದೆಯೋ ಎಲ್ಲ ಬಿಚ್ಚಿಸಿಕೊಂಡರು. ಕಣ್ಣಿಗೆ ಬಟ್ಟೆ ಕಟ್ಟಿ, ಒಂದು ಕಾಲಿನ ಚಪ್ಪಲಿ ಬಿಡಿಸಿ, ಕೈಹಿಡಿದು ಒಳಗೆ ನಡೆಸಿದರು. ಬರಿಗೈಲಿ ಕುರುಡನಂತೆ ಬಂದವನ ಪಾಡು ಏನೆಂದು ತಿಳಿದಿರಲಿ, ನಾಳೆ ಅಂಥವನು ನಿನ್ನ ಬಾಗಿಲಿಗೆ ಬಂದರೆ ಈ ದಿನವನ್ನು ನೆನೆಸಿಕೋ ಎನ್ನುವುದು ಅದರ ಪಾಠ. ಅದು ನನಗೆ ನಿಜವಾಗಿ ನಾಟಿತು. ಕಣ್ಣಿನ ಬಟ್ಟೆ ಬಿಚ್ಚಿದ ಮೇಲೆ ಹೆಡ್‌ಮೇಷ್ಟರು ಉಳಿ ಎತ್ತಿ ತೋರಿಸುತ್ತ, ಕಲಿಕೆಯಿಂದ ಮನುಷ್ಯ ಹೇಗೆ ನಯವಾಗುತ್ತಾನೆ ಎಂದು ಬಾಯಿಪಾಠ ಒಪ್ಪಿಸಿದರು. ಉಳಿಯನ್ನು ಪೆನ್ನು ಹಿಡಿದ ಹಾಗೆ ಹಿಡಿದಿದ್ದರು. ನಗು ತಡೆಯಲು ನನ್ನ ಕೆನ್ನೆ ನಾನೇ ಕಚ್ಚಿಕೊಂಡೆ.

ಆಮೇಲೆ ಎರಡು ಕಲ್ಲು ತೋರಿಸಿದರು. ಅಧ್ಯಕ್ಷರ ಮೇಜಿನ ಎಡಕ್ಕೆ ಗಣಿಯಿಂದ ತಂದ ಹಾಗೇ ಇದ್ದ ಒರಟು ಕಲ್ಲು. ಬಲಕ್ಕೆ ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ನಯವಾದ ಬೂದು ಕಲ್ಲು. "ಆ ಒರಟು ಕಲ್ಲು ಈವತ್ತಿನ ನೀವು. ಈ ಪರಿಪೂರ್ಣ ಕಲ್ಲು ನೀವು ಆಗಬೇಕಾದ್ದು," ಎಂದರು ಡಾಕ್ಟರು.

ನಾನು ಆಗಬೇಕಾದ್ದನ್ನು ನೋಡಿದೆ. ಅದು ಸೊಟ್ಟಗಿತ್ತು.

ಸೊಟ್ಟ ಎಂದರೆ ವಕೀಲರಿಗೆ ಕಾಣುವಂಥ ಸೊಟ್ಟವಲ್ಲ. ತಳಕ್ಕಿಂತ ತಲೆ ಒಂದು ನೂಲು ಅಗಲ. ನಮ್ಮ ಕಸುಬಿನಲ್ಲಿ ನೂಲು ಎಂದರೆ ಇಂಚಿನಲ್ಲಿ ಎಂಟನೇ ಒಂದು ಪಾಲು. ನಲವತ್ತು ವರ್ಷ ಕಲ್ಲು ನೋಡಿದ ಕಣ್ಣಿಗೆ ಅದು ಹತ್ತು ಹೆಜ್ಜೆ ದೂರದಿಂದ ಚುಚ್ಚುತ್ತದೆ. ಹೇಳೋಣವೆಂದರೆ ಮೊದಲ ಮೆಟ್ಟಿಲಿನವನು ಸಭೆಯಲ್ಲಿ ಬಾಯಿ ಬಿಡುವಂತಿಲ್ಲ, ಅದು ನಿಯಮ. ಕೇಳುವುದನ್ನು ಕಲಿಯಲಿ ಎಂದು. ಎಂಟು ತಿಂಗಳು ಪ್ರತಿ ಸಭೆಯಲ್ಲೂ ಆ ಕಲ್ಲಿನ ಎದುರಿಗೇ ಕೂತು ಹಲ್ಲು ಕಡಿದೆ. ನನ್ನಂಥ ಬಾಯಿಬಡುಕನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕಿರಲಿಲ್ಲ.

ಈಗ ಅಣ್ಣನ ವಿಷಯ.

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಅಪ್ಪ ಇಬ್ಬರಿಗೂ ಒಟ್ಟಿಗೇ ಕೆಲಸ ಕಲಿಸಿದರೂ ಕೈ ಬಂದದ್ದು ಅವನಿಗೆ, ಬಾಯಿ ಬಂದದ್ದು ನನಗೆ. ಗಿರಾಕಿಗಳ ಹತ್ತಿರ ಮಾತಾಡುವುದು, ಅಟ್ಟಣಿಗೆ ಹತ್ತುವುದು, ಕೆಲಸದವರನ್ನು ಗದರುವುದು ನನ್ನ ಪಾಲು. ನುಣುಪಾದ ಕೆಲಸವೆಲ್ಲ ಅವನದು. ಅವನು ನನ್ನನ್ನು ಕರೆಯುತ್ತಿದ್ದದ್ದೇ 'ಆತುರಗಾರ' ಎಂದು. ಅಪ್ಪ ಬಿಟ್ಟುಹೋದ ಕಬ್ಬಿಣದ ದೊಡ್ಡ ಮೂಲೆಮಟ್ಟವೊಂದಿತ್ತು, ಎರಡು ತೋಳಿನದು, ಕಲ್ಲಿನ ಮೂಲೆ ನೇರವಿದೆಯೇ ಎಂದು ಹಿಡಿದು ನೋಡುವುದು. ಕೊನೆಯ ಅಳತೆಗೆ ಮಾತ್ರ ಅದನ್ನು ತೆಗೆಯುತ್ತಿದ್ದೆವು. ಅಪ್ಪನದೊಂದು ಕಟ್ಟಪ್ಪಣೆಯಿತ್ತು: ಮೂಲೆಮಟ್ಟವನ್ನು ಎಸೆಯಬಾರದು, ನೆಲಕ್ಕಿಡಬಾರದು, ಕೈಯಿಂದ ಕೈಗೇ ಕೊಡಬೇಕು.

ಹನ್ನೊಂದು ವರ್ಷದ ಕೆಳಗೆ ಗ್ರಂಥಾಲಯದ ಹೆಬ್ಬಾಗಿಲಿನ ಕಲ್ಲಿನ ಚೌಕಟ್ಟು ನಮಗೆ ಬಂತು. ಎರಡು ನಿಲುವುಗಲ್ಲು, ಮೇಲೊಂದು ಅಡ್ಡಗಲ್ಲು. ಕೆತ್ತಿದ್ದು ಅಣ್ಣ. ನಿಲ್ಲಿಸುವ ದಿನ ನಿಲುವುಗಲ್ಲುಗಳು ಎರಡೂ ಮೇಲ್ತುದಿಯಲ್ಲಿ ಹೊರಕ್ಕೆ ವಾಲಿದವು, ಅಡ್ಡಗಲ್ಲು ಬಿಗಿಯಾಗಿ ಕೂರಲಿಲ್ಲ. ಇಂಜಿನಿಯರು ಮುಖ ಸಿಂಡರಿಸಿಕೊಂಡು, ಎಲ್ಲವನ್ನೂ ಕಿತ್ತು ಒಯ್ಯಿರಿ ಎಂದ. ಅಣ್ಣ ಅಡ್ಡಗಲ್ಲನ್ನು ನೋಡಿದ, ತನ್ನ ಕೈ ನೋಡಿಕೊಂಡ, ಆಮೇಲೆ ಮೆಲ್ಲಗೆ ಹೇಳಿದ, "ಮೂಲೆಮಟ್ಟ ಒಂದ್ಸಲ ನೋಡೋಣ ಕಣೋ."

ನಾನು ಹಾರಿಬಿದ್ದೆ. "ಅಪ್ಪನ ಮಟ್ಟದ ಮೇಲೆ ಗೂಬೆ ಕೂರಿಸ್ತೀಯಾ? ನಿನ್ನ ಕಣ್ಣು ಮಂಜಾಗಿದೆ ಅಣ್ಣ. ಕೈ ಬಿದ್ದುಹೋಗಿದೆ. ಒಪ್ಕೊಂಡು ಮನೇಲಿ ಕೂತ್ಕೋ."

ನಾಲ್ವರು ಕೆಲಸದವರ ಮುಂದೆ ಹೇಳಿದೆ. ಅಣ್ಣ ಏಪ್ರನ್ ಬಿಚ್ಚಿ ಮಡಿಸಿ ಕಲ್ಲಿನ ಮೇಲಿಟ್ಟು ನಡೆದುಹೋದ. ಅವತ್ತೇ ಸಂಜೆ ನಾನು ಮೂಲೆಮಟ್ಟವನ್ನು ಎಣ್ಣೆ ಹಾಕಿ ಒರೆಸಿ, ಅಪ್ಪನ ಫೋಟೋದ ಪಕ್ಕದ ಮೊಳೆಗೆ ನೇತುಹಾಕಿದೆ. ಇದನ್ನು ಇನ್ನು ಯಾರೂ ಮುಟ್ಟಬೇಡಿ, ಇದು ಅಪ್ಪನ ನೆನಪು ಎಂದು ಎಲ್ಲರಿಗೂ ಹೇಳಿದೆ. ಮುಂದಿನ ವಾರ ಕಲ್ಲು ಕೊಯ್ಯುವ ಯಂತ್ರ ತಂದೆ, ಮೂಲೆಯನ್ನೂ ಅದೇ ನೋಡಿಕೊಳ್ಳುತ್ತಿತ್ತು.

ಅಣ್ಣ ಮತ್ತೆ ಉಳಿ ಮುಟ್ಟಲಿಲ್ಲ. ಊರಾಚೆಯ ಸಿಮೆಂಟ್ ಇಟ್ಟಿಗೆ ಕಾರ್ಖಾನೆಯ ಗೇಟಿನಲ್ಲಿ ಕೂತು ಲಾರಿಗಳ ನಂಬರು ಬರೆಯುವ ಕೆಲಸಕ್ಕೆ ಸೇರಿದ. ಕಲ್ಲಿಗೆ ಜೀವ ಬಿಡುತ್ತಿದ್ದವನು ಸಿಮೆಂಟಿನ ಕಾವಲಿಗೆ. ನಾವಿಬ್ಬರೂ ಮಾತು ಬಿಟ್ಟರೂ ನನ್ನ ಹೆಂಡತಿ ಮತ್ತು ಅತ್ತಿಗೆ ಬಿಟ್ಟಿರಲಿಲ್ಲ. ಹಾಗಾಗಿ ಸುದ್ದಿ ಬರುತ್ತಿತ್ತು. ಮೂರು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದನಂತೆ. ಮೂವರೂ ಕಣ್ಣು ಚೆನ್ನಾಗಿದೆ ಎಂದರೂ ನಂಬದೆ ತಾನಾಗಿಯೇ ಒಂದು ಕನ್ನಡಕ ಕೊಂಡನಂತೆ. ಮನೆಯಲ್ಲಿ ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಪಕ್ಕದ ಮನೆಯವನನ್ನು ಕರೆಯುತ್ತಾನಂತೆ. ಹೆಂಡತಿ ಇದನ್ನೆಲ್ಲ ಹೇಳುವಾಗ ನಾನು ಪೇಪರು ಓದುತ್ತಿದ್ದೆ.

ಎರಡನೇ ಮೆಟ್ಟಿಲು ಬಂತು. ಅವತ್ತಿನ ಆಯುಧಗಳು ಮೂಲೆಮಟ್ಟ, ರಸಮಟ್ಟ, ತೂಕದ ಗುಂಡು. ರಸಮಟ್ಟ ಎಲ್ಲರೂ ಸಮ ಎಂದು ಕಲಿಸುತ್ತದೆ. ದಾರಕ್ಕೆ ಕಟ್ಟಿ ಇಳಿಬಿಡುವ ತೂಕದ ಗುಂಡು ನೆಟ್ಟಗೆ ನಡೆ ಎನ್ನುತ್ತದೆ. ನಿನ್ನ ನಡತೆಯ ಪ್ರತಿಯೊಂದು ಪಕ್ಕಕ್ಕೂ ಮೂಲೆಮಟ್ಟ ಹಿಡಿದು ನೋಡು ಎಂದು ಹೆಡ್‌ಮೇಷ್ಟರು ಒಂದಕ್ಷರ ತಪ್ಪದೆ ಹೇಳಿ ಮುಗಿಸಿದರು. ಡಾಕ್ಟರು ನನ್ನ ಕಡೆ ತಿರುಗಿ, "ಇನ್ನು ನೀವು ಸಭೆಯಲ್ಲಿ ಮಾತಾಡಬಹುದು," ಎಂದರು.

"ಆ ಕಲ್ಲು ಮೂಲೆಗಿಲ್ಲ, ಸೊಟ್ಟಗಿದೆ," ಎಂದೆ. ಎಂಟು ತಿಂಗಳಿಂದ ನಾಲಿಗೆಯ ತುದಿಯಲ್ಲಿದ್ದದ್ದು.

ಗದ್ದಲವಾಯಿತು. ವಕೀಲರೊಬ್ಬರು ಆಕ್ಷೇಪಣೆ ಎತ್ತಿದರು. ಕಡೆಗೆ ಡಾಕ್ಟರೇ ತಮ್ಮ ಮೇಜಿನ ಮೇಲಿದ್ದ ಬೆಳ್ಳಿಯ ಹೊಳಪಿನ ಮೂಲೆಮಟ್ಟ ತಂದು ಕಲ್ಲಿಗೆ ಹಿಡಿದರು. ನಡುವೆ ಬೆಳಕು ಸೀಳಿಕೊಂಡು ಬಂತು. ಇಷ್ಟು ವರ್ಷ ಆ ಕಲ್ಲನ್ನು ತೋರಿಸಿ ನೂರಾರು ನೀತಿ ಹೇಳಿದ್ದರು, ಒಬ್ಬರಿಗೂ ಅದಕ್ಕೆ ಮೂಲೆಮಟ್ಟ ಹಿಡಿದು ನೋಡೋಣ ಎನ್ನಿಸಿರಲಿಲ್ಲ.

ಗಡಿಯಾರ ರಿಪೇರಿಯವನು ಮಾತ್ರ ತಲೆ ಕೆರೆದುಕೊಂಡ. "ಕಲ್ಲೇ ತಪ್ಪು ಅಂತ ಹೇಗೆ ಹೇಳ್ತೀರಿ? ನಮ್ಮ ಮಟ್ಟಾನೇ ತಪ್ಪಿರಬಹುದಲ್ಲ?"

"ಒಳ್ಳೇ ಪ್ರಶ್ನೆ," ಎಂದು ನಾನು ಕೋಟಿನ ತೋಳು ಮೇಲೇರಿಸಿದೆ. ಮೂವತ್ತೊಂದು ಜನ ಓದಿದವರಿಗೆ ಪಾಠ ಹೇಳುವ ಭಾಗ್ಯ ಮತ್ತೆ ಸಿಗುವುದಿಲ್ಲ. ನೇರ ಅಂಚಿನ ಹಲಗೆ, ಅದರ ಮೇಲೆ ಕಾಗದ ತರಿಸಿದೆ. ಮೂಲೆಮಟ್ಟದ ಒಂದು ತೋಳನ್ನು ಹಲಗೆಯ ಅಂಚಿಗೆ ಒತ್ತಿ, ಇನ್ನೊಂದು ತೋಳಿನ ಗುಂಟ ಪೆನ್ಸಿಲಿನಲ್ಲಿ ಗೆರೆ ಎಳೆದೆ. "ಈಗ ಮಟ್ಟಾನ ಮಗುಚಿ, ಎಡದ್ದನ್ನ ಬಲಕ್ಕೆ ಮಾಡಿ, ಅದೇ ಜಾಗದಲ್ಲಿ ಇನ್ನೊಂದು ಗೆರೆ. ಎರಡು ಗೆರೆ ಒಂದರ ಮೇಲೊಂದು ಕೂತರೆ ಮಟ್ಟ ಸರಿ. ಬೇರೆಯಾದರೆ ಮಟ್ಟಾನೇ ಸುಳ್ಳು. ಒಂದೇ ಕಡೆಯಿಂದ ಎಷ್ಟು ಸಲ ನೋಡಿದ್ರೂ ಇದು ಗೊತ್ತಾಗಲ್ಲ, ತಿರುಗಿಸಿಯೇ ನೋಡಬೇಕು." ಗೆರೆಗಳು ಒಂದರ ಮೇಲೊಂದು ಕೂತವು. ಹೆಡ್‌ಮೇಷ್ಟರು ಇದನ್ನು ಜೇಬಿನ ಪುಸ್ತಕದಲ್ಲಿ ಬರೆದುಕೊಂಡರು.

"ಯಾರು ಕೆತ್ತಿದ್ದು ಅಂತ ನೋಡೇಬಿಡೋಣ," ಎಂದು ಕಲ್ಲನ್ನು ಮಗುಚಿದೆ. ಕಲ್ಲು ಕೆತ್ತುವವರು ತಳದಲ್ಲಿ ತಮ್ಮ ಗುರುತು ಹಾಕುವುದುಂಟು. ನಮ್ಮ ಅಪ್ಪನದು ತ್ರಿಕೋನ. ನನ್ನದು ತ್ರಿಕೋನದ ಕೆಳಗೆ ಎರಡು ಗೀಟು. ಅಣ್ಣನದು ಒಂದು ಗೀಟು.

ಅಲ್ಲಿದ್ದದ್ದು ಒಂದು ಗೀಟು.

ಸಂಘ ಈ ಕಟ್ಟಡಕ್ಕೆ ಬಂದಾಗ ಹೊಸ ಕಲ್ಲು ಮಾಡಿಸಿದ್ದರೆಂದು ಆಮೇಲೆ ತಿಳಿಯಿತು, ಗ್ರಂಥಾಲಯದ ಬಾಗಿಲಿಗೆ ಸ್ವಲ್ಪ ಮುಂಚೆ. ಸಣ್ಣ ಕೆಲಸವೆಂದು ಅಣ್ಣ ನನಗೆ ಹೇಳಿರಲೂ ಇಲ್ಲ. ಗುರುತು ಕಂಡ ಕ್ಷಣ ನನಗೆ ಆದದ್ದು ಖುಷಿ. ಹೌದು, ಖುಷಿಯೇ. ನಾನು ಹೇಳಿದ್ದೇ ಸರಿ, ಅವನ ಕಣ್ಣು ಆಗಲೇ ಹೋಗಿತ್ತು ಎನ್ನುವುದಕ್ಕೆ ಕಲ್ಲಿನಂಥ ಸಾಕ್ಷಿ ಸಿಕ್ಕಿತು. ಎಲ್ಲರಿಗೂ ತಪ್ಪನ್ನು ಇನ್ನಷ್ಟು ತೋರಿಸೋಣವೆಂದು ನಾಲ್ಕೂ ಪಕ್ಕಗಳಿಗೆ ಮೂಲೆಮಟ್ಟ ಹಿಡಿದೆ.

ಮೊದಲ ಪಕ್ಕ ಅರ್ಧ ನೂಲು ಹೊರಕ್ಕೆ. ಎರಡನೆಯದೂ ಅರ್ಧ ನೂಲು ಹೊರಕ್ಕೆ. ಮೂರನೆಯದೂ ಅಷ್ಟೇ. ನಾಲ್ಕನೆಯದಕ್ಕೆ ಎರಡು ಸಲ ಹಿಡಿದು ನೋಡಿದೆ, ಅದೂ ಅಷ್ಟೇ. ಮಂಜುಗಣ್ಣಿನವನ ತಪ್ಪು ಒಂದು ಪಕ್ಕ ಒಳಕ್ಕೆ ಹೋಗುತ್ತದೆ, ಒಂದು ಹೊರಕ್ಕೆ ಬರುತ್ತದೆ, ಒಂದು ಜಾಸ್ತಿ, ಒಂದು ಕಮ್ಮಿ. ನಾಲ್ಕೂ ಕಡೆ ಒಂದೇ ಅಳತೆಗೆ, ಒಂದೇ ದಿಕ್ಕಿಗೆ ತಪ್ಪಬೇಕಾದರೆ ಆ ಕೈ ತಪ್ಪೇ ಇಲ್ಲದ ಕೈ. ಕೊಟ್ಟ ಅಳತೆಯನ್ನು ಕೂದಲೆಳೆ ಬಿಡದೆ ಅನುಸರಿಸಿದ ಕೈ. ತಪ್ಪಿರುವುದು ಅಳತೆಯಲ್ಲಿ.

ಗ್ರಂಥಾಲಯದ ನಿಲುವುಗಲ್ಲುಗಳೂ ಎರಡೂ ಹೊರಕ್ಕೇ ವಾಲಿದ್ದವು.

"ಏನಾಯ್ತು?" ಎಂದರು ಡಾಕ್ಟರು. "ಏನಿಲ್ಲ, ತಲೆ ಸುತ್ತು," ಎಂದು ಕೂತೆ. ಸಂಘದಲ್ಲಿ ಬಾಯಿ ಬಿಡಲು ಅನುಮತಿ ಸಿಕ್ಕ ದಿನವೇ ನನ್ನ ಬಾಯಿ ಕಟ್ಟಿಹೋಯಿತು.

ಒಂದು ಮಾತನ್ನು ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ, ಯಾಕೆಂದರೆ ಹನ್ನೊಂದು ವರ್ಷ ನನಗೆ ನಾನೇ ಹೇಳಿಕೊಂಡಿರಲಿಲ್ಲ. ಗ್ರಂಥಾಲಯದ ಕೆಲಸಕ್ಕೆ ಒಂದೂವರೆ ತಿಂಗಳ ಮುಂಚೆ ನಾನೊಂದು ಬ್ಯಾಂಕಿನ ಕಟ್ಟಡದ ಅಟ್ಟಣಿಗೆಯ ಮೇಲಿದ್ದೆ. ಕೈಯಲ್ಲಿ ಅಪ್ಪನ ಮೂಲೆಮಟ್ಟ. ಊಟದ ಹೊತ್ತು, ಹಸಿವು, ಅದನ್ನು ಹಿಡಿದುಕೊಂಡು ಏಣಿ ಇಳಿಯುವುದು ಬೇಜಾರು. ಕೆಳಗಿದ್ದ ಮರಳಿನ ಗುಡ್ಡೆಗೆ ಎಸೆದೆ. ಅದು ಮರಳಿಗೆ ಬೀಳದೆ ಕಲ್ಲಿನ ಅಂಚಿಗೆ ಬಡಿಯಿತು. ಎತ್ತಿ ನೋಡಿದರೆ ಒಂದು ತೋಳು ಚೂರು ಬಗ್ಗಿದ ಹಾಗಿತ್ತು. ಅಣ್ಣನಿಗೆ ಗೊತ್ತಾದರೆ 'ಆತುರಗಾರ' ಎಂದು ಒಂದು ವಾರ ಮುಖ ಗಂಟು ಹಾಕಿಕೊಳ್ಳುತ್ತಾನೆಂದು, ಸುತ್ತಿಗೆಯಲ್ಲಿ ನಾಲ್ಕು ಸಲ ತಟ್ಟಿ, ಕಣ್ಣಂದಾಜಿನಲ್ಲಿ ಸರಿಮಾಡಿ, ಸದ್ದಿಲ್ಲದೆ ಅದರ ಜಾಗದಲ್ಲಿಟ್ಟೆ. ತಿರುಗಿಸಿ ನೋಡಲಿಲ್ಲ. ಎರಡು ಗೆರೆ ಎಳೆಯಲು ಎಷ್ಟು ಹೊತ್ತು ಬೇಕು? ನೋಡಿದರೆ ಗೊತ್ತಾಗಿಬಿಡುತ್ತದಲ್ಲ ಎಂದೇ ನೋಡಲಿಲ್ಲ.

ಅಣ್ಣ 'ಮಟ್ಟ ನೋಡೋಣ' ಎಂದಾಗ ಅದು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಅದಕ್ಕೇ ಅಷ್ಟು ಜೋರಾಗಿ ಕಿರುಚಿದೆ. ಅಪ್ಪನ ನೆನಪೆಂದು ಮೊಳೆಗೆ ಹಾಕಿದ್ದೂ ಬೇರೆ ಯಾರೂ ಅದನ್ನು ತಿರುಗಿಸಿ ನೋಡದಿರಲೆಂದೇ.

ಮರುದಿನ ಭಾನುವಾರ ಬೆಳಿಗ್ಗೆ ಮೊಳೆಯಿಂದ ಮೂಲೆಮಟ್ಟ ಇಳಿಸಿದೆ. ಅಡುಗೆಮನೆಯ ಮೇಜಿನ ಮೇಲೆ ಹಲಗೆ ಇಟ್ಟು ಮೊದಲ ಗೆರೆ ಎಳೆದೆ, ತಿರುಗಿಸಿ ಎರಡನೆಯದು ಎಳೆದೆ. ಬುಡದಲ್ಲಿ ಒಂದಾಗಿದ್ದ ಗೆರೆಗಳು ತುದಿಯಲ್ಲಿ ಒಂದು ನೂಲು ದೂರ ಹೋಗಿದ್ದವು. ಹೆಂಡತಿ ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ. ಅವಳೂ ಇಪ್ಪತ್ತೊಂಬತ್ತು ವರ್ಷ ಕಲ್ಲಿನವನ ಜೊತೆ ಬಾಳಿದವಳು, ಬಿಡಿಸಿ ಹೇಳಬೇಕಾಗಲಿಲ್ಲ.

"ಯಾವತ್ತಿಂದ ಹೀಗಿದೆ?" ಎಂದಳು.

"ನಾನು ಎಸೆದಾಗಿಂದ."

ಅವಳು ನನ್ನನ್ನು ಬಯ್ಯಲಿಲ್ಲ. ಕುರ್ಚಿ ಎಳೆದು ಕೂತು, "ಅಯ್ಯೋ ಭಾವ," ಎಂದಳು. ಬಯ್ದಿದ್ದರೇ ವಾಸಿಯಿತ್ತು.

ಅಷ್ಟಾದರೂ ನಾನು ಎದ್ದು ಅಣ್ಣನ ಮನೆಗೆ ಹೋಗಲಿಲ್ಲ. ಇಂದು ಹೋಗೋಣ, ನಾಳೆ ಹೋಗೋಣ ಎಂದು ಮೂರು ವಾರ ಕಳೆದೆ. ಹೋಗಿ ಏನೆಂದು ಹೇಳುವುದು? ಅಷ್ಟರಲ್ಲಿ ಮೂರನೇ ಮೆಟ್ಟಿಲಿನ ದಿನ ಬಂತು.

ಆ ಮೆಟ್ಟಿಲಿನ ಕಥೆ ಪುಸ್ತಕದಂಗಡಿಗಳಲ್ಲೇ ಸಿಗುತ್ತದೆ, ಹಾಗಾಗಿ ಹೇಳಿದರೆ ಸಂಘಕ್ಕೆ ದ್ರೋಹವಾಗಲಾರದು. ಹಿಂದಿನ ಕಾಲದಲ್ಲಿ ಒಂದು ದೊಡ್ಡ ದೇಗುಲ ಕಟ್ಟುತ್ತಿದ್ದ ಮುಖ್ಯಶಿಲ್ಪಿಯನ್ನು ಮೂವರು ಕೆಲಸಗಾರರು ಅಡ್ಡಗಟ್ಟುತ್ತಾರೆ. ಗುರುಗಳಿಗಷ್ಟೇ ಗೊತ್ತಿರುವ ಗುಟ್ಟಿನ ಮಾತನ್ನು ಹೇಳು ಎನ್ನುತ್ತಾರೆ. ಅವನು ಜೀವ ಬಿಡುತ್ತಾನೆ, ಕೊಟ್ಟ ಮಾತು ಬಿಡುವುದಿಲ್ಲ. ಮೂವರೂ ಅವನನ್ನು ಹೊಡೆಯುವುದು ಅವನದೇ ಕಸುಬಿನ ಆಯುಧಗಳಿಂದ. ಒಬ್ಬ ಅಡಿಕೋಲಿನಿಂದ, ಎರಡನೆಯವನು ಮೂಲೆಮಟ್ಟದಿಂದ, ಮೂರನೆಯವನು ಕೊಡತಿಯಿಂದ. ದೀಕ್ಷೆ ಪಡೆಯುವವನು ಆ ಶಿಲ್ಪಿಯ ಜಾಗದಲ್ಲಿ ನಿಲ್ಲಬೇಕು, ಬೀಳಬೇಕು, ಆಮೇಲೆ ಅವನನ್ನು ಕೈಹಿಡಿದು ಎಬ್ಬಿಸುತ್ತಾರೆ.

ಎರಡನೆಯವನ ಪಾತ್ರ ಔಷಧಿ ಅಂಗಡಿಯವನದು, ಇರುವೆಗೂ ದಾರಿ ಬಿಡುವ ಮನುಷ್ಯ. ಮೂಲೆಮಟ್ಟವನ್ನು ನನ್ನ ಎದೆಗೆ ಮುಟ್ಟಿಸಿ, "ಜೋರಾಗಿ ತಗಲಿಲ್ಲ ತಾನೇ?" ಎಂದು ಕಿವಿಯಲ್ಲಿ ಕೇಳಿದ. ನೆಲದ ಮೇಲೆ ಮಲಗಿಸಿ ಮುಖದ ಮೇಲೆ ಬಟ್ಟೆ ಹೊದಿಸಿದರು. ಆ ಶಿಲ್ಪಿಯ ಹಾಗೆ ಬಾಳು ಎಂದು ಹೆಡ್‌ಮೇಷ್ಟರ ದನಿ ಮೇಲಿಂದ ಕೇಳುತ್ತಿತ್ತು. ನಾನು ಶಿಲ್ಪಿಯಲ್ಲ ಮೇಷ್ಟ್ರೇ, ನಾನು ಆ ಎರಡನೆಯವನು ಎಂದು ಬಟ್ಟೆಯ ಕೆಳಗೆ ಅಂದುಕೊಂಡೆ. ಅಣ್ಣನನ್ನು ಅವನ ಕಸುಬಿನ ಮೂಲೆಮಟ್ಟದಿಂದಲೇ ಹೊಡೆದವನು. ಅವನಾದರೂ ಕಥೆಯಲ್ಲಿ ಸಿಕ್ಕಿಬೀಳುತ್ತಾನೆ. ನಾನು ಆಯುಧವನ್ನು ಎಣ್ಣೆ ಹಾಕಿ ಒರೆಸಿ ಗೋಡೆಗೆ ಹಾಕಿಕೊಂಡವನು.

ಡಾಕ್ಟರು ಕೈಕೊಟ್ಟು ಎಬ್ಬಿಸಿದಾಗ ನನ್ನ ಮುಖವೆಲ್ಲ ಒದ್ದೆಯಾಗಿತ್ತು. ಇಷ್ಟು ಮನಸ್ಸಿಟ್ಟು ದೀಕ್ಷೆ ತಗೊಂಡವರನ್ನು ನಾನು ನೋಡೇ ಇಲ್ಲ ಎಂದು ವಕೀಲರು ಹೊಗಳಿದರು. ನಾಚಿಕೆಯಿಂದ ಸತ್ತುಹೋದೆ.

ಸೋಮವಾರ ಬೆಳಿಗ್ಗೆ ಮೂಲೆಮಟ್ಟವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಒಂದು ಹಲಗೆ ಕಂಕುಳಲ್ಲಿಟ್ಟುಕೊಂಡು ಸಿಮೆಂಟ್ ಇಟ್ಟಿಗೆ ಕಾರ್ಖಾನೆಗೆ ಹೋದೆ. ಗೇಟಿನ ಪಕ್ಕ ತಗಡಿನ ಗೂಡು. ಒಳಗೆ ಅಣ್ಣ. ಕೂದಲೆಲ್ಲ ಬೆಳ್ಳಗಾಗಿತ್ತು, ಕಣ್ಣಿಗೆ ದಪ್ಪ ಫ್ರೇಮಿನ ಕನ್ನಡಕ. ತಲೆಯೆತ್ತಿ ನೋಡಿದ. ಗುರುತು ಸಿಕ್ಕಿತೆಂದು ನನಗೆ ಗೊತ್ತಾಯಿತು.

"ಯಾರನ್ನ ನೋಡ್ಬೇಕಿತ್ತು?" ಎಂದ.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಹಾರಿಹೋಯಿತು. ಬಟ್ಟೆ ಬಿಚ್ಚಿ, ಮೂಲೆಮಟ್ಟವನ್ನು ಕಿಟಕಿಯಿಂದ ಅವನತ್ತ ಚಾಚಿದೆ. ಕೆಳಗಿಡು ಎನ್ನುತ್ತಾನೇನೋ ಎಂದುಕೊಂಡೆ. ಅಪ್ಪನ ಅಪ್ಪಣೆ ಅವನು ಮೀರಲಾರ. ಎರಡು ಕೈಯಲ್ಲೂ ತೆಗೆದುಕೊಂಡ.

"ತಿರುಗಿಸಿ ನೋಡಣ್ಣ," ಎಂದು ಹಲಗೆ, ಪೆನ್ಸಿಲು ಕೊಟ್ಟೆ.

ರಿಜಿಸ್ಟರು ಪಕ್ಕಕ್ಕೆ ಸರಿಸಿ ಹಲಗೆ ಇಟ್ಟುಕೊಂಡ. ಒಂದು ಗೆರೆ ಎಳೆದ. ಹನ್ನೊಂದು ವರ್ಷವಾದರೂ ಕೈ ನಡುಗಲಿಲ್ಲ. ತಿರುಗಿಸಿ ಇನ್ನೊಂದು ಎಳೆದ. ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ, ಮತ್ತೆ ತೆಗೆದು ಮೇಜಿನ ಮೇಲಿಟ್ಟ.

"ಯಾವಾಗ?"

"ಬಾಗಿಲಿಗೆ ಒಂದೂವರೆ ತಿಂಗಳು ಮುಂಚೆ. ಬ್ಯಾಂಕಿನ ಅಟ್ಟಣಿಗೆ ಮೇಲಿಂದ."

"ಬಿತ್ತಾ, ಎಸೆದ್ಯಾ?"

"ಎಸೆದೆ."

ಒಂದು ಲಾರಿ ಬಂದು ಗೇಟಿನ ಮುಂದೆ ಹಾರನ್ ಹೊಡೆಯಿತು. ಅಣ್ಣ ಅಲುಗಲಿಲ್ಲ. "ಅವತ್ತು ರಾತ್ರಿಯೆಲ್ಲ ಯೋಚನೆ ಮಾಡಿದೆ ಕಣೋ," ಎಂದ. ದನಿ ಏರಲೇ ಇಲ್ಲ. "ಎರಡೇ ದಾರಿ. ಇಲ್ಲ ಅಪ್ಪನ ಮಟ್ಟ ತಪ್ಪಿರಬೇಕು, ಇಲ್ಲ ನನ್ನ ಕಣ್ಣು. ಅಪ್ಪನ ಮಟ್ಟ ತಪ್ಪು ಅಂತ ನಂಬೋಕೆ ಮನಸ್ಸು ಬರ್ಲಿಲ್ಲ. ನನ್ನ ಕಣ್ಣು ಅಂತಾನೇ ನಂಬ್ದೆ. ಮೊಮ್ಮಗೂನ ಎತ್ಕೊಳ್ಳೋಕೂ ಹೆದರ್ತಿದ್ದೆ, ಎಲ್ಲಿ ಕೈ ತಪ್ಪುತ್ತೋ ಅಂತ."

"ತಪ್ಪಾಯ್ತಣ್ಣ," ಎಂದೆ. ಅಷ್ಟೇ ಹೊರಟಿತು. ಗೇಟಿನ ಮುಂದೆ ನಿಂತು ಮಗುವಿನ ಹಾಗೆ ಅತ್ತೆ. ಲಾರಿಯವನು ಹಾರನ್ ನಿಲ್ಲಿಸಿ ಇಣುಕಿ ನೋಡುತ್ತಿದ್ದ.

ಅಣ್ಣ ಎದ್ದು ಬರಲಿಲ್ಲ, ತಲೆ ನೇವರಿಸಲಿಲ್ಲ. "ಅವತ್ತು ನೀನು ನಾಲ್ಕು ಜನದ ಮುಂದೆ ಹೇಳಿದ್ದೆ," ಎಂದ. "ಆ ನಾಲ್ಕು ಜನದ ಮುಂದೇನೇ ಹೇಳು. ಈಗ ದಾರಿ ಬಿಡು, ಲಾರಿ ಒಳಗೆ ಬರ್ಬೇಕು."

ನಾಲ್ವರಲ್ಲಿ ಇಬ್ಬರು ಇನ್ನೂ ನನ್ನ ಹತ್ತಿರವೇ ಇದ್ದರು. ಒಬ್ಬ ಟೈಲ್ಸ್ ಅಂಗಡಿ ಸೇರಿದ್ದ, ಇನ್ನೊಬ್ಬ ಬಾಡಿಗೆ ಕಾರು ಓಡಿಸುತ್ತಿದ್ದ. ಕಾರಿನವನನ್ನು ಹುಡುಕಲು ಮೂರು ದಿನ ಹಿಡಿಯಿತು. ಭಾನುವಾರ ಬೆಳಿಗ್ಗೆ ಎಲ್ಲರನ್ನೂ ನನ್ನ ಕಲ್ಲು ಕೆಲಸದ ಅಂಗಳಕ್ಕೆ ಕರೆದೆ. ಅಣ್ಣನೂ ಅತ್ತಿಗೆಯೂ ಬಂದು ಕೊಯ್ದ ಚಪ್ಪಡಿಗಳ ಪಕ್ಕ ನಿಂತರು. ಅಣ್ಣ ಜೊತೆಗೆ ತಂದಿದ್ದ ಮೂಲೆಮಟ್ಟ ಹಿಡಿದು ಎರಡು ಗೆರೆ ಎಳೆದು ತೋರಿಸಿ, ಎಸೆದದ್ದು ನಾನು, ಮುಚ್ಚಿಟ್ಟದ್ದು ನಾನು, ಅಣ್ಣನ ಕಣ್ಣಿಗಾಗಲಿ ಕೈಗಾಗಲಿ ಅವತ್ತೂ ಏನೂ ಆಗಿರಲಿಲ್ಲ ಎಂದು ಹೇಳಿದೆ. ಸಂಘದಲ್ಲಿ ಕಣ್ಣು ಕಟ್ಟಿಸಿಕೊಂಡು ನಿಂತದ್ದು ಇದರ ಮುಂದೆ ಏನೇನೂ ಅಲ್ಲ.

ಆ ನಾಲ್ವರಲ್ಲಿ ಒಬ್ಬನಾದ ಪಾಲಿಶ್ ಕೆಲಸದ ಮುದುಕ ಬೀಡಿ ಆರಿಸಿದ. "ನಮಗೆ ಅನುಮಾನ ಇತ್ತು ಬಿಡಿ," ಎಂದ. "ನೀವು ಅದನ್ನ ಮೊಳೆಗೆ ಹಾಕಿದ ದಿನಾನೇ ಬಂತು. ಸರಿ ಇರೋ ಮಟ್ಟಾನ ಯಾರಾದ್ರೂ ಗೋಡೆಗೆ ಹಾಕ್ತಾರಾ?"

ಹನ್ನೊಂದು ವರ್ಷ ನಾನು ಅಪ್ಪನ ಭಕ್ತನೆಂದು ಬೀಗಿದ್ದು ಈ ಮುದುಕನ ಮುಂದೆ. ತಲೆ ತಗ್ಗಿಸಿದೆ.

ಅಂಗಳದ ಮೂಲೆಯಲ್ಲಿ ಸಂಘದವರಿಗಾಗಿ ತರಿಸಿದ್ದ ಬೂದು ಕಲ್ಲಿನ ಗುಂಡು ಬಿದ್ದಿತ್ತು, ಸೊಟ್ಟ ಕಲ್ಲಿನ ಬದಲಿಗೆ ಹೊಸದು ಮಾಡಲೆಂದು. ಅಣ್ಣ ಅದರ ಹತ್ತಿರ ಹೋಗಿ ಬೆರಳಗಂಟಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದ. "ಇದನ್ನ ಯಂತ್ರಕ್ಕೆ ಕೊಡ್ಬೇಡ," ಎಂದ. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದರು.

ಐದು ಭಾನುವಾರ ಬಂದ. ನನ್ನ ಜೊತೆ ಹತ್ತು ಮಾತೂ ಆಡಲಿಲ್ಲ. ಉಳಿಯ ಸದ್ದು ಮಾತ್ರ ಮೊದಲಿನದೇ, ಸಣ್ಣಗೆ, ಒಂದೇ ಸಮ. ಕನ್ನಡಕವನ್ನು ಮೊದಲ ದಿನ ಜೇಬಿನಲ್ಲಿಟ್ಟುಕೊಂಡಿದ್ದ, ಎರಡನೇ ವಾರದಿಂದ ತರಲೇ ಇಲ್ಲ. ಐದನೇ ಭಾನುವಾರ ಹಲ್ಲಿನ ಡಾಕ್ಟರು ಮತ್ತು ಹೆಡ್‌ಮೇಷ್ಟರು ಕಲ್ಲು ನೋಡಲು ಬಂದರು. ನಾನು ಹೊಸದೊಂದು ಉಕ್ಕಿನ ಮೂಲೆಮಟ್ಟ ತಂದಿಟ್ಟಿದ್ದೆ. ಕೊನೆಯ ಅಳತೆ ನೋಡುವ ಹೊತ್ತಿಗೆ ಅದನ್ನು ಕೈಯಿಂದ ಕೈಗೆ ಅಣ್ಣನಿಗೆ ಕೊಟ್ಟೆ.

ಅಣ್ಣ ಅದನ್ನು ಕಲ್ಲಿಗೆ ಹಿಡಿಯಲಿಲ್ಲ. ಮೊದಲು ಹಲಗೆಯ ಹತ್ತಿರ ಹೋದ. ಎಲ್ಲರೂ ನೋಡುತ್ತಿರುವಂತೆ ಒಂದು ಗೆರೆ ಎಳೆದ, ತಿರುಗಿಸಿ ಇನ್ನೊಂದು ಎಳೆದ. ಬಗ್ಗಿ ನೋಡಿದ. ಆಮೇಲೆ ಬಂದು ಕಲ್ಲಿನ ನಾಲ್ಕೂ ಪಕ್ಕಕ್ಕೆ ಹಿಡಿದ. ಎಲ್ಲೂ ಬೆಳಕು ತೂರಲಿಲ್ಲ.

"ಅಂಗಡಿಯಿಂದ ಹೊಸದಾಗಿ ತಂದಿದ್ದಲ್ವಾ, ಅದನ್ನೂ ನೋಡ್ಬೇಕಾ?" ಎಂದು ಹೆಡ್‌ಮೇಷ್ಟರು ಕೇಳಿದರು.

"ಇವನ ಕೈಯಿಂದ ಬಂದಿದ್ದಲ್ವಾ ಸಾರ್," ಎಂದ ಅಣ್ಣ.

ಈಗ ಅಣ್ಣ ಗೇಟಿನ ಕೆಲಸ ಬಿಟ್ಟು ಅಂಗಳಕ್ಕೇ ಬರುತ್ತಾನೆ. ಸಂಘದ ಹಳೇ ಕಲ್ಲು ಅಂಗಳದಲ್ಲಿದೆ, ಊಟದ ಹೊತ್ತಿಗೆ ಅವನು ಅದರ ಮೇಲೆ ಕೂರುತ್ತಾನೆ. ಅತ್ತಿಗೆ ಕಳಿಸಿದ ಡಬ್ಬಿಯಲ್ಲಿ ಅರ್ಧ ನನಗೆ ಕೊಡುತ್ತಾನೆ. ಬೆಳಿಗ್ಗೆ ನಾನು ಮೂಲೆಮಟ್ಟ ಕೊಟ್ಟಾಗ ಮಾತ್ರ ಇವತ್ತಿಗೂ ಮೊದಲು ಹಲಗೆಯ ಹತ್ತಿರ ಹೋಗಿ ತಿರುಗಿಸಿ ನೋಡುತ್ತಾನೆ. ನಾನು ಪಕ್ಕದಲ್ಲಿ ನಿಂತು, ಎರಡನೇ ಗೆರೆ ಮುಗಿಯುವವರೆಗೆ ಕಾಯುತ್ತೇನೆ.